ಹಳೆಯ ಕಲ್ಲಿನ ವಿಶ್ಲೇಷಣೆ ಪಟ್ಟಿ ಓದುವುದು ಹೇಗೆ? ಕಾಸರಗೋಡಿನ ಮುರಕಲ್ಲು ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಕೋರೆಯ ಹಳೆಯ ಫೈಲು, ಅಲ್ಯುಮಿನಿಯಂ ಅದಿರಾದ ಬಾಕ್ಸೈಟ್ ಹುಡುಕಿದ ಕಾಲದ ವರದಿ, ಭೂವಿಜ್ಞಾನ ಇಲಾಖೆಯ ನೂರು ವರ್ಷ ಹಿಂದಿನ ಸಂಪುಟ. ಇವುಗಳಲ್ಲಿ ಎಲ್ಲೋ ಒಂದು ಪುಟದ ಮೂಲೆಯಲ್ಲಿ ಪುಟ್ಟ ಪಟ್ಟಿಯೊಂದು ಇರುತ್ತದೆ. ಸಿಲಿಕ ಇಷ್ಟು, ಅಲ್ಯುಮಿನ ಇಷ್ಟು, ಕಬ್ಬಿಣದ ಆಕ್ಸೈಡ್ ಇಷ್ಟು, ಕೊನೆಗೆ ಒಟ್ಟು 99 ಚಿಲ್ಲರೆ. ಹೆಚ್ಚಿನವರು ಅದನ್ನು ದಾಟಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಕೆಲವರು ಅದನ್ನು ಹಾಗೇ ಎತ್ತಿ ತಮ್ಮ ಪ್ರಬಂಧಕ್ಕೆ ಅಂಟಿಸುತ್ತಾರೆ. ಎರಡರಿಂದಲೂ ನಷ್ಟವೇ.

ಕಾಸರಗೋಡಿನವರಿಗೆ ಈ ಪಟ್ಟಿಗಳು ಯಾಕೆ ಮುಖ್ಯ ಅಂದರೆ, ಇಲ್ಲಿ ಕಲ್ಲು ನಿಂತಲ್ಲಿ ನಿಲ್ಲುತ್ತಿಲ್ಲ. ಮುರಕಲ್ಲಿನ, ಅಂದರೆ ಲ್ಯಾಟರೈಟಿನ ಕೋರೆಗಳು ಗುಡ್ಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಿವೆ. ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಲೇನ್ ಮಾಡುವಾಗ ತಲಪಾಡಿಯಿಂದ ದಕ್ಷಿಣಕ್ಕೆ ಎಷ್ಟೋ ದಿಬ್ಬಗಳನ್ನು ಕಡಿದು ಹಾಕಿದ್ದಾರೆ. ಹಿಂದೆ ಯಾರೋ ಮಾದರಿ ತೆಗೆದ ಜಾಗಕ್ಕೆ ಈಗ ಹೋದರೆ ಅಲ್ಲಿ ಗಾಳಿ ಮಾತ್ರ ಇರಬಹುದು. ಆ ಕಲ್ಲನ್ನು ಮತ್ತೆ ತೂಗಲು ಆಗುವುದಿಲ್ಲ. ಅದರ ಬಗ್ಗೆ ನಮಗೆ ಉಳಿದಿರುವುದು ಆ ಪಟ್ಟಿ ಒಂದೇ. ಆದರೆ ಎಲ್ಲಿಂದ ತೆಗೆದದ್ದು, ಯಾವ ಆಳದ್ದು, ಹೇಗೆ ತೂಗಿದ್ದು ಅಂತ ಗೊತ್ತಾಗದಿದ್ದರೆ ಆ ಅಂಕಿ ಬರೀ ಅಂಕಿ. ಈ ಮೂರನ್ನು ಮತ್ತೆ ಕಟ್ಟಿಕೊಟ್ಟರೆ 1903ರ ಅಂಕಿಯೂ ಇವತ್ತಿನ ಕೆಲಸಕ್ಕೆ ಬರುತ್ತದೆ. ಅದನ್ನು ಮಾಡುವ ದಾರಿ ಇಲ್ಲಿದೆ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಒಂದು ಕ್ಯಾಲ್ಕ್ಯುಲೇಟರ್ ಅಥವಾ ಸ್ಪ್ರೆಡ್‌ಶೀಟ್, ಒಂದು ನೋಟ್‌ಬುಕ್, ಪಿಯುಸಿ ಮಟ್ಟದ ರಸಾಯನಶಾಸ್ತ್ರ. ಮತ್ತೆ ತಾಳ್ಮೆ.

ಹೆಜ್ಜೆ 1: ಯಾವ ಜಿಲ್ಲೆಯ ಹೆಸರಲ್ಲಿ ಹುಡುಕಬೇಕು?

ಹೊಸಬರು ಮೊದಲು ಎಡವುವುದು ಇಲ್ಲೇ. ‘ಕಾಸರಗೋಡು ಜಿಲ್ಲೆ’ ಅಂತ ಹುಡುಕಿದರೆ ಹಳೆಯದೇನೂ ಸಿಗುವುದಿಲ್ಲ. ಈ ಜಿಲ್ಲೆ ಹುಟ್ಟಿದ್ದೇ 1984ರ ಮೇ 24ಕ್ಕೆ. ಅದಕ್ಕೆ ಮುಂಚೆ ಇದು ಕಣ್ಣೂರು ಜಿಲ್ಲೆಯ ಭಾಗ. 1956ರ ನವೆಂಬರ್ 1ಕ್ಕಿಂತ ಮುಂಚೆ ದಕ್ಷಿಣ ಕನ್ನಡ ಜಿಲ್ಲೆ, ಅಂದರೆ ಮದರಾಸು ಪ್ರಾಂತ್ಯದ ಸೌತ್ ಕೆನರಾ. ಚಂದ್ರಗಿರಿ ಹೊಳೆಯ ಆಚೆಗಿನ ಹೊಸದುರ್ಗ, ನೀಲೇಶ್ವರ ಕೂಡ ಆಗ ಸೌತ್ ಕೆನರಾದ ಲೆಕ್ಕಕ್ಕೇ ಸೇರಿದ್ದವು. ಹಾಗಾಗಿ 1956ರ ಮುಂಚಿನ ವಿಶ್ಲೇಷಣೆಗಳನ್ನು ಸೌತ್ ಕೆನರಾ ಅಥವಾ ಮಂಗಳೂರು ಅಂತ ಹುಡುಕಿ. 1956ರಿಂದ 1984ರವರೆಗಿನದ್ದನ್ನು ಕಣ್ಣೂರಿನ ಹಳೆಯ ಇಂಗ್ಲಿಷ್ ಹೆಸರಾದ ಕ್ಯಾನನೋರ್ ಅಂತ ಹುಡುಕಿ. ಪಾಣತ್ತೂರಿನ ಆಚೆ ಬದಿಯ ಕಲ್ಲಾದರೆ ಅದು ಕೊಡಗು. ಅದು 1956ರವರೆಗೆ ಬೇರೆಯೇ ಆಡಳಿತ.

ಊರಿನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಕೂಡ ಸ್ಥಿರವಾಗಿಲ್ಲ. ಕಾಸರಗೋಡನ್ನು ‘ಸಿ’ ಅಕ್ಷರದಿಂದ ಶುರು ಮಾಡಿ ಎರಡು ‘ಎಸ್’ ಹಾಕಿ ಬರೆದದ್ದೂ ಇದೆ, ‘ಕೆ’ ಅಕ್ಷರದಿಂದ ಬರೆದದ್ದೂ ಇದೆ. ಕುಂಬಳೆ, ಬೇಕಲ, ನೀಲೇಶ್ವರ ಎಲ್ಲಕ್ಕೂ ಇದೇ ಪಾಡು. ಒಂದೇ ರೂಪದಲ್ಲಿ ಹುಡುಕಿ ಸುಮ್ನೆ ಕೂರಬೇಡಿ. ಹೆಸರು ಕೈಕೊಟ್ಟರೆ ನಕ್ಷೆಯ ಹಾಳೆಯ ಸಂಖ್ಯೆ ಹಿಡಿಯಿರಿ. ಸರ್ವೆ ಆಫ್ ಇಂಡಿಯಾದ ಹಾಳೆಗಳಲ್ಲಿ ಮಂಜೇಶ್ವರ, ಕುಂಬಳೆ 48 ಎಲ್‌ನಲ್ಲಿ ಬರುತ್ತವೆ. ಕಾಞಂಗಾಡು, ನೀಲೇಶ್ವರ 48 ಪಿಯಲ್ಲಿ. 20ನೇ ಶತಮಾನದ ವರದಿಗಳಲ್ಲಿ ಈ ಸಂಖ್ಯೆ ಹಾಕುವ ರೂಢಿ ಇದೆ.

ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ನನ್ನ ಕ್ರಮ ಹೀಗೆ. ಮೊದಲು ಜಿಯಾಲಜಿಕಲ್ ಸರ್ವೆ ಆಫ್ ಇಂಡಿಯಾದ ಪ್ರಕಟಣೆಗಳು. 1851ರಲ್ಲಿ ಶುರುವಾದ ಸಂಸ್ಥೆ ಇದು. ಇದರ ‘ರೆಕಾರ್ಡ್ಸ್’ ಸಂಪುಟಗಳು 1868ರಿಂದ ಬಂದಿವೆ. ‘ಮೆಮಾಯರ್ಸ್’ ಅದಕ್ಕೂ ಹಳೆಯದು. ಹಕ್ಕುಸ್ವಾಮ್ಯ ಮುಗಿದ ಎಷ್ಟೋ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಸರ್ವೆಯ ಭೂಕೋಶ್ ಪೋರ್ಟಲ್ ಇದೆ. 2023ರ ಡಿಸೆಂಬರಿನಲ್ಲಿ ಶುರುವಾದ ನ್ಯಾಷನಲ್ ಜಿಯೋಸೈನ್ಸ್ ಡೇಟಾ ರೆಪಾಸಿಟರಿಯೂ ಇದೆ. ಇವೆರಡರಲ್ಲೂ ಹೆಸರು ನೋಂದಾಯಿಸಿ ಒಳಗೆ ಹೋಗಬೇಕು. ಆಮೇಲೆ ಕೇರಳದ ಮೈನಿಂಗ್ ಆಂಡ್ ಜಿಯಾಲಜಿ ಇಲಾಖೆಯ ಕಡತಗಳು. ಮದರಾಸು ಪ್ರಾಂತ್ಯದ ಆಡಳಿತ ಪತ್ರಗಳು ಬೇಕಾದರೆ ಚೆನ್ನೈ ಎಗ್ಮೋರಿನ ತಮಿಳುನಾಡು ಆರ್ಕೈವ್ಸ್. ಮಣ್ಣಿನ ವಿಶ್ಲೇಷಣೆ ಬೇಕಾದರೆ ನಮ್ಮಲ್ಲೇ ಇರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ನೆನಪಿಡಿ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಜಾಗ ಅದು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗ ಇದೆ. ಅಲ್ಲಿನ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಹೊಸ ಅಂಕಿಗಳು ಸಿಗುತ್ತವೆ, ಹಳೆಯದರ ಜೊತೆ ಹೋಲಿಸಲು ಅವು ಬೇಕು.

ಒಂದು ಮಾತು. 1956ರ ನಂತರದ ಸ್ಥಳೀಯ ಕಡತಗಳು ಬಹುಪಾಲು ಮಲಯಾಳ ಇಲ್ಲವೇ ಇಂಗ್ಲಿಷಿನಲ್ಲಿವೆ. ಮಲಯಾಳ ಓದಲು ಬಾರದ ಕನ್ನಡದ ಮಕ್ಕಳು ಇಲ್ಲಿ ಹಿಂಜರಿಯುವುದನ್ನು ನೋಡಿದ್ದೇನೆ. ಹಿಂಜರಿಯಬೇಡಿ. ಪಟ್ಟಿಯ ಭಾಗ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಸರ್ವೆ ನಂಬರು, ಗ್ರಾಮದ ಹೆಸರು ಓದಿಸಿಕೊಳ್ಳಲು ಪಕ್ಕದ ಮನೆಯವರ ಸಹಾಯ ಸಾಕು.

ಹೆಜ್ಜೆ 2: ಗುಡ್ಡೆಯ ಯಾವ ಪದರದ ಕಲ್ಲು?

ನಮ್ಮ ಕಡೆ ಬಾವಿ ತೋಡುವವರಿಗೆ, ಸುರಂಗ ಕೊರೆಯುವವರಿಗೆ ಇದು ಬಾಯಿಪಾಠ. ಮೇಲೆ ಹುಲ್ಲು ಮಾತ್ರ ಬೆಳೆಯುವ ಗಟ್ಟಿ ಪಾರೆ. ಅದರ ಕೆಳಗೆ ತೂತು ತೂತಾದ ಮುರಕಲ್ಲು, ಮನೆ ಕಟ್ಟಲು ಕಡಿಯುವುದು ಇದನ್ನೇ. ಇನ್ನೂ ಕೆಳಗೆ ಬಿಳಿ, ನಸುಗೆಂಪು, ನೇರಳೆ ಬಣ್ಣದ ಮೆತ್ತಗಿನ ಶೇಡಿ. ಅದರಡಿ ಕೊಳೆತ ಕಲ್ಲು. ಕಟ್ಟಕಡೆಗೆ ಗಟ್ಟಿ ಕಪ್ಪು ಕಲ್ಲು. ಒಂದೇ ಬಾವಿಯ ಗೋಡೆಯಲ್ಲಿ ಇದೆಲ್ಲ ಕಾಣುತ್ತದೆ, ಅಲ್ವಾ?

ರಾಸಾಯನಿಕವಾಗಿ ಈ ಪದರಗಳು ಒಂದಕ್ಕೊಂದು ತುಂಬ ದೂರ. ಮೇಲಿನ ಪಾರೆಯಲ್ಲಿ ಕಬ್ಬಿಣ ಜಾಸ್ತಿ. ಶೇಡಿಯಲ್ಲಿ ಕಬ್ಬಿಣ ತೊಳೆದು ಹೋಗಿ ಸಿಲಿಕ ಮತ್ತು ಅಲ್ಯುಮಿನ ಉಳಿದಿರುತ್ತವೆ. ತಳದ ಕಲ್ಲಿನಲ್ಲಿ ಇರುವ ಸುಣ್ಣ, ಸೋಡಾ, ಪೊಟಾಷ್ ಮೇಲಿನ ಪದರಗಳಲ್ಲಿ ಬಹುತೇಕ ಇರುವುದೇ ಇಲ್ಲ, ಸಾವಿರಾರು ಮಳೆಗಾಲ ಅವನ್ನು ಕರಗಿಸಿಕೊಂಡು ಹೋಗಿವೆ. ಹೀಗಿರುವಾಗ ಪಟ್ಟಿಯ ತಲೆಯಲ್ಲಿ ಬರೀ ‘ಲ್ಯಾಟರೈಟ್, ಸೌತ್ ಕೆನರಾ’ ಅಂತ ಇದ್ದರೆ ಏನು ಅರ್ಥ? ಮಾದರಿಯ ವಿವರಣೆ ಇರುವ ಪ್ಯಾರಾವನ್ನು ಹುಡುಕಿ ಓದಿ. ಅದು ಪಟ್ಟಿಯ ಪಕ್ಕ ಇರದೆ ಹತ್ತು ಪುಟ ಹಿಂದೆ ಇರಬಹುದು. ‘ಗಟ್ಟಿ’, ‘ಮೆತ್ತಗೆ’, ‘ತೂತು’, ‘ಬಿಳಿ’, ‘ಬಾವಿಯ ತಳ’ ಇಂಥ ಒಂದು ಪದ ಸಿಕ್ಕಿದರೂ ಬರೆದುಕೊಳ್ಳಿ.

ಈ ಪ್ರದೇಶದ ಮುರಕಲ್ಲಿನ ಬಗ್ಗೆ ಬರವಣಿಗೆ ಬಹಳ ಹಿಂದಿನಿಂದ ಇದೆ. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ 1807ರಲ್ಲಿ ಪ್ರವಾಸ ಕಥನ ಪ್ರಕಟಿಸಿದ. ಲ್ಯಾಟರೈಟ್ ಅನ್ನುವ ಹೆಸರನ್ನು ಅವನು ಕೊಟ್ಟದ್ದು ಅಂಗಾಡಿಪುರದ ಕಲ್ಲಿಗೆ, ಈಗಿನ ಮಲಪ್ಪುರಂ ಜಿಲ್ಲೆಯಲ್ಲಿ. ಫಿಲಿಪ್ ಲೇಕ್ 1890ರಲ್ಲಿ ದಕ್ಷಿಣ ಮಲಬಾರಿನ ಭೂವಿಜ್ಞಾನದ ಬಗ್ಗೆ ಬರೆದಾಗ ಮುರಕಲ್ಲು ಗುಡ್ಡದ ನೆತ್ತಿಯದ್ದೋ, ಮೆಟ್ಟಿಲಿನಂಥ ದಿಣ್ಣೆಯದ್ದೋ, ಕಣಿವೆಯದ್ದೋ ಅಂತ ಬೇರೆ ಬೇರೆ ಮಾಡಿ ನೋಡಿದ. 1903ರಲ್ಲಿ ವಾರ್ತ್ ಅನ್ನುವ ಹೆಸರಿನ ಇಬ್ಬರು ಸೇರಿ ಭಾರತದ ಲ್ಯಾಟರೈಟಿನ ಸಂಯೋಜನೆಯ ಬಗ್ಗೆ ವಿಶ್ಲೇಷಣೆ ಸಮೇತ ಲೇಖನ ಪ್ರಕಟಿಸಿದರು. ಅದೇ ವರ್ಷ ಥಾಮಸ್ ಹಾಲೆಂಡ್ ಲ್ಯಾಟರೈಟಿನ ಹುಟ್ಟಿನ ಬಗ್ಗೆ ಬರೆದ. 1911ರಲ್ಲಿ ಲ್ಯೂಯಿಸ್ ಫರ್ಮರ್ ಯಾವುದನ್ನು ಲ್ಯಾಟರೈಟ್ ಅನ್ನಬೇಕು ಅಂತ ಸಂಯೋಜನೆಯನ್ನೇ ಅಳತೆಗೋಲು ಮಾಡಿ ವಿಂಗಡಿಸಿದ. ನಮ್ಮೂರಿನ ಪಟ್ಟಿ ಯಾವ ಕಾಲದ್ದು ಅನ್ನುವುದು ಈ ಸಾಲಿನಲ್ಲಿ ಎಲ್ಲಿ ಬರುತ್ತದೆ ನೋಡಿ. ಲ್ಯಾಟರೈಟ್ ಅಂತ ಯಾವುದನ್ನು ಕರೆದಿದ್ದಾರೆ ಅನ್ನುವುದೂ ಅದರಿಂದ ಗೊತ್ತಾಗುತ್ತದೆ.

ಹೆಜ್ಜೆ 3: ಪಟ್ಟಿಯ ಸಾಲುಗಳನ್ನು ಗುರುತು ಹಿಡಿಯಿರಿ

ಕಲ್ಲಿನಲ್ಲಿ ಅಲ್ಯುಮಿನಿಯಂ ಲೋಹ ಬಿಡಿಯಾಗಿ ಇರುವುದಿಲ್ಲ, ಆಮ್ಲಜನಕದ ಜೊತೆ ಇರುತ್ತದೆ. ಹಾಗಾಗಿ ಎಲ್ಲವನ್ನೂ ಆಕ್ಸೈಡ್ ಲೆಕ್ಕದಲ್ಲಿ ಬರೆಯುವುದು ಪದ್ಧತಿ. ಸಿಲಿಕ, ಅಲ್ಯುಮಿನ, ಟೈಟಾನಿಯ ಅಂದರೆ ಸಿಲಿಕಾನ್, ಅಲ್ಯುಮಿನಿಯಂ, ಟೈಟಾನಿಯಂಗಳ ಆಕ್ಸೈಡ್. ಹಳೆಯ ಪಟ್ಟಿಯಲ್ಲಿ ‘ಲೈಮ್’ ಅಂದರೆ ಕ್ಯಾಲ್ಸಿಯಂ ಆಕ್ಸೈಡ್. ‘ಸೋಡಾ’ ಅಂದರೆ ಸೋಡಿಯಂ ಆಕ್ಸೈಡ್, ‘ಪೊಟಾಷ್’ ಅಂದರೆ ಪೊಟ್ಯಾಸಿಯಂ ಆಕ್ಸೈಡ್. ‘ಪ್ರೊಟಾಕ್ಸೈಡ್ ಆಫ್ ಐರನ್’ ಅಂದರೆ ಫೆರಸ್ ಆಕ್ಸೈಡ್. ‘ಪೆರಾಕ್ಸೈಡ್’ ಅಥವಾ ‘ಸೆಸ್ಕ್ವಿಆಕ್ಸೈಡ್’ ಅಂದರೆ ಫೆರಿಕ್ ಆಕ್ಸೈಡ್.

1860ಕ್ಕಿಂತ ಹಿಂದಿನದಾದರೆ ರಾಸಾಯನಿಕ ಸೂತ್ರಗಳನ್ನು ನಂಬಬೇಡಿ. ಆಗ ನೀರನ್ನು ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಅಂತ ಬರೆಯುತ್ತಿದ್ದರು. ಸಿಲಿಕಕ್ಕೆ ಮೂರು ಆಕ್ಸಿಜನ್ ಹಾಕಿದ್ದೂ ಇದೆ. ಆದರೆ ಶೇಕಡಾ ಅಂಕಿಯನ್ನು ಅದಕ್ಕಾಗಿ ಎಸೆಯಬೇಡಿ. ಸಿಲಿಕವನ್ನು ಸಿಲಿಕವಾಗಿಯೇ ತೂಗಿದ್ದಾರೆ, ಸೂತ್ರ ಹೇಗೇ ಬರೆದರೂ ತೂಕ ಬದಲಾಗುವುದಿಲ್ಲ. ಕಷ್ಟ ಇರುವುದು ಬೇರೆ ರೂಪದಲ್ಲಿ ತೂಗಿ ಲೆಕ್ಕ ಹಾಕಿದವುಗಳಲ್ಲಿ. ಪೊಟಾಷನ್ನು ಪ್ಲಾಟಿನಂ ಲವಣವಾಗಿ ತೂಗುತ್ತಿದ್ದರು. 19ನೇ ಶತಮಾನದ ಬಹುಭಾಗ ಪ್ಲಾಟಿನಂನ ಪರಮಾಣು ತೂಕ 197ರ ಆಸುಪಾಸು ಅಂತ ಹಿಡಿದಿದ್ದರು. ಈಗ ಅದು 195.08. ಅಷ್ಟರ ಮಟ್ಟಿಗೆ ಪೊಟಾಷ್ ಅಂಕಿ ಜರುಗುತ್ತದೆ.

ಇನ್ನು ಅಂಕಿ ಇಲ್ಲದ ಜಾಗಗಳು. ‘ಟ್ರೇಸ್’ ಅಂದರೆ ಇದೆ, ತೂಗುವಷ್ಟು ಇಲ್ಲ. ‘ನಿಲ್’ ಅಂದರೆ ಹುಡುಕಿದರು, ಸಿಗಲಿಲ್ಲ. ‘ಎನ್.ಡಿ.’ ಅಪಾಯದ ಗುರುತು. ಒಬ್ಬರು ಅದನ್ನು ‘ಸಿಗಲಿಲ್ಲ’ ಅಂತ ಬಳಸಿದರೆ ಇನ್ನೊಬ್ಬರು ‘ನೋಡಲೇ ಇಲ್ಲ’ ಅಂತ ಬಳಸಿದ್ದಾರೆ. ಬರೀ ಗೆರೆ ಎಳೆದಿದ್ದರೂ ಅಷ್ಟೇ. ಇವುಗಳಲ್ಲಿ ಯಾವುದಕ್ಕೂ ಸೊನ್ನೆ ಹಾಕಬೇಡಿ. ನೋಡದೇ ಇದ್ದದ್ದಕ್ಕೆ ಸೊನ್ನೆ ಬರೆದರೆ ‘ಈ ಕಲ್ಲಿನಲ್ಲಿ ಟೈಟಾನಿಯಂ ಇಲ್ಲ’ ಅನ್ನುವ ಸುಳ್ಳನ್ನು ನೀವೇ ಹುಟ್ಟಿಸಿದ ಹಾಗೆ ಆಗುತ್ತದೆ.

ಚಿನ್ನದ ಪಟ್ಟಿಯಾದರೆ ಅಳತೆಯೇ ಬೇರೆ. 1880ರ ಆಸುಪಾಸಿನ ವಯನಾಡಿನ ಚಿನ್ನದ ವರದಿಗಳನ್ನು, ಬ್ರೋ ಸ್ಮಿತ್ ಬರೆದದ್ದೂ ಸೇರಿ, ಓದುವವರು ಇದನ್ನು ಗಮನಿಸಿ. ಒಂದು ಲಾಂಗ್ ಟನ್ನಿಗೆ ಒಂದು ಟ್ರಾಯ್ ಔನ್ಸ್ ಅಂದರೆ ಈಗಿನ ಟನ್ನಿಗೆ ಸುಮಾರು 30.6 ಗ್ರಾಂ. ಪೆನ್ನಿವೇಟ್ ಅಂದರೆ ಅದರ 20ರಲ್ಲಿ ಒಂದು ಭಾಗ.

ಹೆಜ್ಜೆ 4: ಯಾವ ವಿಧಾನದಲ್ಲಿ ತೂಗಿದರು?

ಹೆಚ್ಚಿನ ತಪ್ಪುಗಳು ವಿಧಾನದಲ್ಲೇ ಅಡಗಿರುತ್ತವೆ. 20ನೇ ಶತಮಾನದ ಮಧ್ಯದವರೆಗೆ ಕಲ್ಲಿನ ವಿಶ್ಲೇಷಣೆ ಅಂದರೆ ತಕ್ಕಡಿಯ ಕೆಲಸ. ಯಂತ್ರ ಬಂದು ಅಂಕಿ ಹೇಳುತ್ತಿರಲಿಲ್ಲ. ಒಂದು ಕಲ್ಲಿಗೆ ದಿನಗಟ್ಟಲೆ ಹಿಡಿಯುತ್ತಿತ್ತು. ಆ ಕೆಲಸ ಹೇಗೆ ನಡೆಯುತ್ತಿತ್ತು ಅಂತ ಒಮ್ಮೆ ನೋಡಿಬಿಡಿ, ಆಮೇಲೆ ಪಟ್ಟಿ ತಾನಾಗಿ ಮಾತಾಡುತ್ತದೆ.

ಕಲ್ಲನ್ನು ನುಣ್ಣಗೆ ಅರೆದು ಸುಮಾರು ಒಂದು ಗ್ರಾಂ ತೂಗುತ್ತಾರೆ. ಪ್ಲಾಟಿನಂ ಮೂಸೆಯಲ್ಲಿ ನಾಲ್ಕೈದು ಪಟ್ಟು ಸೋಡಿಯಂ ಕಾರ್ಬೊನೇಟ್ ಸೇರಿಸಿ ಕೆಂಪಗೆ ಕಾಯಿಸಿ ಕರಗಿಸುತ್ತಾರೆ. ಆರಿದ ಗಟ್ಟಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಪೂರ್ತಿ ಒಣಗುವವರೆಗೆ ಆವಿ ಮಾಡುತ್ತಾರೆ. ಆಗ ಸಿಲಿಕ ಕರಗದ ರೂಪಕ್ಕೆ ಬರುತ್ತದೆ. ಸೋಸಿ, ಸುಟ್ಟು, ತೂಗುತ್ತಾರೆ. ಸೋಸಿದ ದ್ರಾವಣಕ್ಕೆ ಅಮೋನಿಯ ಹಾಕಿದರೆ ಕಂದು ಬಣ್ಣದ ಲೋಳೆಯಂಥ ಒತ್ತರ ಕೂರುತ್ತದೆ. ಅದರಲ್ಲಿ ಕಬ್ಬಿಣ, ಅಲ್ಯುಮಿನ, ಟೈಟಾನಿಯ, ರಂಜಕ ಎಲ್ಲ ಒಟ್ಟಿಗೆ ಇರುತ್ತವೆ. ಅದನ್ನು ಸುಟ್ಟು ತೂಗುತ್ತಾರೆ. ಕಬ್ಬಿಣವನ್ನು ಪರ್ಮಾಂಗನೇಟ್ ಟೈಟ್ರೇಷನ್ನಿನಿಂದ ಬೇರೆಯಾಗಿ ಅಳೆಯುತ್ತಾರೆ. ಒಟ್ಟು ತೂಕದಿಂದ ಕಬ್ಬಿಣ ಕಳೆದು ಉಳಿದದ್ದನ್ನು ಅಲ್ಯುಮಿನ ಅಂತ ಬರೆಯುತ್ತಾರೆ.

ಇಲ್ಲಿ ನಿಲ್ಲಿ. ಅಲ್ಯುಮಿನವನ್ನು ಯಾರೂ ತೂಗಲಿಲ್ಲ! ಅದು ಕಳೆದು ಉಳಿದ ಮೊತ್ತ. ಮನೆಖರ್ಚಿನ ಪುಸ್ತಕದಲ್ಲಿ ‘ಇತರೆ’ ಅಂತ ಬರೆದ ಸಾಲಿನ ಹಾಗೆ, ಲೆಕ್ಕ ತಪ್ಪಿದ್ದೆಲ್ಲ ಅಲ್ಲಿ ಹೋಗಿ ಕೂರುತ್ತದೆ. ಒಂದೇ ಸಲ ಆವಿ ಮಾಡಿದ್ದರೆ ಸ್ವಲ್ಪ ಸಿಲಿಕ ದ್ರಾವಣದಲ್ಲೇ ಉಳಿದು ಅಲ್ಯುಮಿನದ ಲೆಕ್ಕಕ್ಕೆ ಸೇರುತ್ತದೆ. ಟೈಟಾನಿಯವನ್ನು ಬೇರೆಯಾಗಿ ನೋಡದಿದ್ದರೆ ಅದೂ ಅಲ್ಯುಮಿನವಾಗುತ್ತದೆ. ನಮ್ಮ ಮುರಕಲ್ಲಿಗೆ, ಬಾಕ್ಸೈಟಿಗೆ ಇದು ಸಣ್ಣ ವಿಷಯವಲ್ಲ, ಯಾಕೆಂದರೆ ಕರಗದೆ ಉಳಿಯುವ ಟೈಟಾನಿಯ ಇವುಗಳಲ್ಲಿ ಸಾಂದ್ರವಾಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಹಳದಿ ಬಣ್ಣ ನೋಡಿ ಟೈಟಾನಿಯಂ ಅಳೆಯುವ ವಿಧಾನ 1880ರ ದಶಕದಲ್ಲಿ ಬಂತು. ಹಾಗಾಗಿ ನನ್ನ ನಿಯಮ ಇದು: ಪಟ್ಟಿಯಲ್ಲಿ ಟೈಟಾನಿಯದ ಸಾಲೇ ಇಲ್ಲದಿದ್ದರೆ ಅಲ್ಯುಮಿನವನ್ನು ‘ಅಲ್ಯುಮಿನ ಮತ್ತು ಟೈಟಾನಿಯ’ ಅಂತಲೇ ಓದಬೇಕು. ಹಳೆಯ ವರದಿ ನೋಡಿ ‘ನಮ್ಮ ಗುಡ್ಡೆಯಲ್ಲಿ ಒಳ್ಳೆ ಬಾಕ್ಸೈಟ್ ಇದೆ’ ಅಂತ ಆಸೆ ಪಡುವವರು ಈ ಸಾಲನ್ನು ಎರಡು ಸಲ ಓದಿ.

ಕಬ್ಬಿಣದ ಕಥೆ ಇನ್ನೊಂದು. ಮುರಕಲ್ಲಿನಲ್ಲಿ ಕಬ್ಬಿಣ ಬಹುತೇಕ ಫೆರಿಕ್ ರೂಪದಲ್ಲೇ ಇರುವುದರಿಂದ ತೊಂದರೆ ಕಡಿಮೆ. ತಳದ ಕಪ್ಪು ಕಲ್ಲಿಗೆ ಬಂದರೆ ಹಾಗಲ್ಲ. ಹಾಲೆಂಡ್ 1900ರಲ್ಲಿ ಚಾರ್ನೊಕೈಟ್ ಅನ್ನುವ ಇಂಥ ಗಟ್ಟಿ ಕಲ್ಲಿನ ಬಗ್ಗೆ ದೊಡ್ಡ ಮೆಮಾಯರ್ ಬರೆದ. ಅಮೆರಿಕದ ಭೂವಿಜ್ಞಾನಿ ಎಚ್. ಎಸ್. ವಾಷಿಂಗ್ಟನ್ 1916ರಲ್ಲಿ ಅದೇ ಗುಂಪಿನ ಕಲ್ಲುಗಳನ್ನು ಹೊಸದಾಗಿ ವಿಶ್ಲೇಷಿಸಿದ. ಇಂಥ ಕಲ್ಲುಗಳಲ್ಲಿ ಫೆರಸ್, ಫೆರಿಕ್ ಎರಡನ್ನೂ ಬೇರೆ ಬೇರೆ ಅಳೆಯಬೇಕು. ಕಲ್ಲನ್ನು ತುಂಬ ಹೊತ್ತು ಅರೆದರೆ ಗಾಳಿ ತಾಗಿ ಫೆರಸ್ ಸ್ವಲ್ಪ ಫೆರಿಕ್ ಆಗಿಬಿಡುತ್ತದೆ. ಉಕ್ಕಿನ ಒರಳಿನಲ್ಲಿ ಕುಟ್ಟಿದ್ದರೆ ಒರಳಿನ ಕಬ್ಬಿಣವೇ ಪುಡಿಗೆ ಸೇರುತ್ತದೆ. ಕೆಲವರು ಎಲ್ಲವನ್ನೂ ಫೆರಿಕ್ ಅಂತಲೇ ಬರೆದುಬಿಟ್ಟಿದ್ದಾರೆ. ಆಗ ಶೇ. 9 ಫೆರಸ್ ಇದ್ದ ಕಲ್ಲಿನಲ್ಲಿ ಒಟ್ಟು ಮೊತ್ತ ಸುಮ್ಮಸುಮ್ಮನೆ 1 ಜಾಸ್ತಿ ಬರುತ್ತದೆ.

ಸೋಡಾ, ಪೊಟಾಷ್‌ಗೆ ಲಾರೆನ್ಸ್ ಸ್ಮಿತ್ 1871ರಲ್ಲಿ ಕೊಟ್ಟ ವಿಧಾನ ತುಂಬ ಕಾಲ ನಡೆಯಿತು. ಅಂಗಡಿಮೊಗರಿನಲ್ಲಿ ಸಿಗುವ, ಸೋಡಾ-ಪೊಟಾಷ್ ಹೆಚ್ಚಿರುವ ಸಯನೈಟ್‌ನಂಥ ಕಲ್ಲನ್ನು ಓದುವಾಗ ಈ ಎರಡು ಸಾಲುಗಳೇ ಪ್ರಾಣ. ಮುರಕಲ್ಲಿಗೆ ಅವು ಮುಖ್ಯವಲ್ಲ.

ನೀರಿನ ಸಾಲನ್ನೂ ನೋಡಿ. 105ರಿಂದ 110 ಡಿಗ್ರಿಯಲ್ಲಿ ಹೋಗುವ ನೀರು ಬರೀ ತೇವ. ಅದಕ್ಕಿಂತ ಮೇಲೆ ಹೋಗುವುದು ಖನಿಜದೊಳಗಿನ ನೀರು. ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ನಮ್ಮ ಊರಿನಲ್ಲಿ ಜುಲೈ ತಿಂಗಳಲ್ಲಿ ತೂಗಿದ ಪುಡಿಗೂ ಮಾರ್ಚಿನಲ್ಲಿ ತೂಗಿದ ಪುಡಿಗೂ ತೇವದಲ್ಲಿ ವ್ಯತ್ಯಾಸ ಬಂದೇ ಬರುತ್ತದೆ. ಪಟ್ಟಿಯಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ‘ಇಗ್ನಿಷನ್ ಲಾಸ್’ (ಸುಟ್ಟಾಗ ಕಳೆದ ತೂಕ) ಅಂತ ಹಾಕಿದ್ದರೆ ಅದನ್ನು ಟಿಪ್ಪಣಿಯಲ್ಲಿ ಬರೆಯಿರಿ.

ಹೆಜ್ಜೆ 5: ಒಟ್ಟು ಮೊತ್ತ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮೊದಲು ನೀವೇ ಕೂಡಿ ನೋಡಿ. ಅಚ್ಚಿನ ತಪ್ಪು, ಸ್ಕ್ಯಾನ್ ಪುಸ್ತಕದ ಅಕ್ಷರ ಗುರುತಿಸುವಾಗ 1 ಹೋಗಿ 7 ಆದದ್ದು, 3 ಹೋಗಿ 8 ಆದದ್ದು ಎಲ್ಲ ಇಲ್ಲೇ ಸಿಕ್ಕಿಬೀಳುತ್ತವೆ. ಯಾವತ್ತೂ ಪುಟದ ಚಿತ್ರ ನೋಡಿಯೇ ಅಂಕಿ ಬರೆಯಿರಿ, ಕಾಪಿ ಮಾಡಿದ ಪಠ್ಯ ನಂಬಬೇಡಿ.

99.5ರಿಂದ 100.5ರ ನಡುವೆ ಮೊತ್ತ ಬಂದರೆ ಸಮಾಧಾನ. 98 ಬಂದರೆ ಏನೋ ಬಿಟ್ಟಿದ್ದಾರೆ. ಸರಿಯಾಗಿ 100.00 ಬಂದರೆ ನನಗೆ ಅನುಮಾನ ಜಾಸ್ತಿ. ಒಂದೋ ನೂರಕ್ಕೆ ಹೊಂದಿಸಿ ಬರೆದಿದ್ದಾರೆ, ಇಲ್ಲವೇ ಒಂದು ಸಾಲನ್ನು ಕಳೆದು ತೆಗೆದಿದ್ದಾರೆ.

ಮೊತ್ತ ಚೆನ್ನಾಗಿದೆ ಅಂದ ಮಾತ್ರಕ್ಕೆ ವಿಶ್ಲೇಷಣೆ ಚೆನ್ನಾಗಿದೆ ಅಂತಲೂ ಅಲ್ಲ. ಸಿಲಿಕದಲ್ಲಿ ಕಳೆದುಹೋದದ್ದು ಅಲ್ಯುಮಿನದಲ್ಲಿ ಬಂದು ಕೂತರೆ ಮೊತ್ತ ಸರಿಯಾಗಿಯೇ ಇರುತ್ತದೆ. ಇದಕ್ಕೆ ದೊಡ್ಡ ಸಾಕ್ಷಿ 1951ರಲ್ಲಿ ಸಿಕ್ಕಿತು. ಅಮೆರಿಕದಲ್ಲಿ ಒಂದು ಗ್ರಾನೈಟ್, ಒಂದು ಡಯಾಬೇಸ್ ಕಲ್ಲಿನ ಪುಡಿ ಮಾಡಿ, ಜಿ-1, ಡಬ್ಲ್ಯು-1 ಅಂತ ಹೆಸರಿಟ್ಟು ಬೇರೆ ಬೇರೆ ಪ್ರಯೋಗಾಲಯಗಳಿಗೆ ಕಳಿಸಿದ್ದರು. ಪುಡಿ ಒಂದೇ, ಬಂದ ಉತ್ತರಗಳು ಹಲವು. ಹೆಸರಾಂತ ಪ್ರಯೋಗಾಲಯಗಳ ನಡುವೆಯೂ ಅಂತರ ಎಲ್ಲರೂ ಎಣಿಸಿದ್ದಕ್ಕಿಂತ ದೊಡ್ಡದಾಗಿತ್ತು. ಆಮೇಲೇ ಪ್ರಮಾಣಿತ ಮಾದರಿಗಳನ್ನು ಜೊತೆಗಿಟ್ಟು ಅಳೆಯುವ ಪದ್ಧತಿ ಗಟ್ಟಿಯಾಯಿತು.

ಅಂಕಿಗಳನ್ನು ದರ್ಜೆ ಹಾಕುವುದರಲ್ಲಿ ವಾಷಿಂಗ್ಟನ್ ನಮಗೆ ಮೇಲ್ಪಂಕ್ತಿ. 1884ರಿಂದ 1913ರವರೆಗೆ ಪ್ರಕಟವಾದ ಅಗ್ನಿಶಿಲೆಗಳ ಎಂಟು ಸಾವಿರಕ್ಕೂ ಜಾಸ್ತಿ ವಿಶ್ಲೇಷಣೆಗಳನ್ನು ಒಟ್ಟು ಮಾಡಿ 1917ರಲ್ಲಿ ಹೊರತಂದ. ಉತ್ತಮ, ಕಳಪೆ ಅಂತ ಬೇರೆ ಮಾಡಿದ. ಎಷ್ಟು ನಿಖರ ಅನ್ನುವುದರ ಜೊತೆಗೆ ಎಷ್ಟು ಪೂರ್ಣ ಅನ್ನುವುದನ್ನೂ ನೋಡಿದ. ಕಳಪೆಯನ್ನು ಬಿಸಾಡಲಿಲ್ಲ, ಬೇರೆ ಭಾಗದಲ್ಲಿ ಇಟ್ಟ. ನೀವೂ ಹಾಗೇ ಮಾಡಿ.

ಹೆಜ್ಜೆ 6: ಅಂಕಿಯಿಂದ ಖನಿಜಕ್ಕೆ

ಇದು ನನಗೆ ಬಹಳ ಇಷ್ಟವಾದ ಭಾಗ. ಲೆಕ್ಕ ತೋರಿಸಲೆಂದು ಒಂದು ಪಟ್ಟಿಯನ್ನು ನಾನೇ ಬರೆದಿದ್ದೇನೆ, ಇದು ಯಾವ ಊರಿನ ಕಲ್ಲೂ ಅಲ್ಲ. ಸಿಲಿಕ 22.40, ಅಲ್ಯುಮಿನ 31.10, ಫೆರಿಕ್ ಆಕ್ಸೈಡ್ 29.80, ಟೈಟಾನಿಯ 1.60, ಖನಿಜದೊಳಗಿನ ನೀರು 14.70. ಒಟ್ಟು 99.60.

ಮೊದಲ ಪ್ರಶ್ನೆ: ಇದರಲ್ಲಿ ಜೇಡಿ ಎಷ್ಟು, ಬಾಕ್ಸೈಟ್ ಖನಿಜ ಎಷ್ಟು? ಬಿಡಿ ಸ್ಫಟಿಕ ಮರಳು ಇಲ್ಲ ಅಂತ ಇಟ್ಟುಕೊಂಡರೆ ಸಿಲಿಕ ಪೂರ್ತಿ ಕೆಯೊಲಿನೈಟ್ ಅನ್ನುವ ಜೇಡಿ ಖನಿಜದಲ್ಲೇ ಇರಬೇಕು. ಆ ಖನಿಜದಲ್ಲಿ 1 ಭಾಗ ಸಿಲಿಕಕ್ಕೆ 0.8485 ಭಾಗ ಅಲ್ಯುಮಿನ ಇರುತ್ತದೆ. 22.40ನ್ನು ಅದರಿಂದ ಗುಣಿಸಿ: 19.01. ಇಷ್ಟು ಅಲ್ಯುಮಿನ ಜೇಡಿಗೆ ಹೋಯಿತು. ಉಳಿದದ್ದು 12.09. ಅದು ಗಿಬ್ಸೈಟ್, ಅಂದರೆ ಬಾಕ್ಸೈಟಿನ ತಿರುಳು. ಅಲ್ಯುಮಿನ ಶೇ. 31 ಅಂತ ನೋಡಿ ಹಿಗ್ಗಿದವರಿಗೆ ನಿಜವಾಗಿ ಕೈಗೆ ಬರುವುದು ಶೇ. 12.

ಈಗ ಇದನ್ನು ನೀರಿನಿಂದ ಪರೀಕ್ಷಿಸಿ. ಕೆಯೊಲಿನೈಟ್‌ನಲ್ಲಿ ಸಿಲಿಕದ 0.2998 ಪಟ್ಟು ನೀರು: 6.72. ಗಿಬ್ಸೈಟ್‌ನಲ್ಲಿ ಅಲ್ಯುಮಿನದ 0.530 ಪಟ್ಟು: 6.41. ಎರಡೂ ಸೇರಿ 13.13. ಪಟ್ಟಿಯಲ್ಲಿರುವ ನೀರು 14.70. ಉಳಿದ 1.57 ಕಬ್ಬಿಣದ ಜೊತೆ ಇರಬೇಕು. ಕಬ್ಬಿಣ ಪೂರ್ತಿ ಗೋಯೆಥೈಟ್ ಅನ್ನುವ ನೀರಿರುವ ಖನಿಜ ಆಗಿದ್ದರೆ 29.80ರ 0.1128 ಪಟ್ಟು, ಅಂದರೆ 3.36 ನೀರು ಬೇಕಿತ್ತು. ಇರುವುದು ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಹಾಗಾದರೆ ಕಬ್ಬಿಣದ ಸುಮಾರು ಅರ್ಧ ಹಳದಿ-ಕಂದು ಗೋಯೆಥೈಟ್, ಉಳಿದರ್ಧ ನೀರಿಲ್ಲದ ಕೆಂಪು ಹೆಮಟೈಟ್. ಮೂಲ ವರದಿಯಲ್ಲಿ ‘ಕೆಂಪು, ಅಲ್ಲಲ್ಲಿ ಹಳದಿ’ ಅಂತ ಬಣ್ಣ ಬರೆದಿದ್ದರೆ ಲೆಕ್ಕ ಕೂಡಿಬಂತು. ಕಬ್ಬಿಣ ಪೂರ್ತಿ ಗೋಯೆಥೈಟ್ ಅಂತ ಹಿಡಿದರೂ ನೀರು ಮಿಕ್ಕಿದರೆ, ಅಥವಾ ಅಲ್ಯುಮಿನವೇ ಸಾಲದೆ ಹೋದರೆ, ಬಿಡಿ ಸ್ಫಟಿಕ ಇರಬಹುದು ಅಂತ ಅರ್ಥ. ಆಗ ಮೊದಲ ಊಹೆಯನ್ನು ಬದಲಿಸಿ ಮತ್ತೆ ಲೆಕ್ಕ ಹಾಕಬೇಕು.

ಬೇರೆ ಕಲ್ಲಿನ ಜೊತೆ ಹೋಲಿಸಲು ನೀರು ತೆಗೆದ ಲೆಕ್ಕ ಬೇಕು. ನೀರು ಬಿಟ್ಟು ಉಳಿದ ಮೊತ್ತ 84.90. ಪ್ರತಿ ಅಂಕಿಯನ್ನೂ ಅದರಿಂದ ಭಾಗಿಸಿ ನೂರರಿಂದ ಗುಣಿಸಿ. ಸಿಲಿಕ 26.38, ಅಲ್ಯುಮಿನ 36.63, ಕಬ್ಬಿಣದ ಆಕ್ಸೈಡ್ 35.10, ಟೈಟಾನಿಯ 1.88 ಆಗುತ್ತದೆ. ಲೋಹದ ಲೆಕ್ಕ ಬೇಕಾದರೆ ಮೂಲ ಪಟ್ಟಿಯ ಫೆರಿಕ್ ಆಕ್ಸೈಡನ್ನು 0.6994ರಿಂದ ಗುಣಿಸಿ, ಇಲ್ಲಿ 20.84. ಅಲ್ಯುಮಿನಕ್ಕೆ 0.5293, ಟೈಟಾನಿಯಕ್ಕೆ 0.5993.

ಹೆಜ್ಜೆ 7: ಇವತ್ತಿನ ವರದಿಯ ಪಕ್ಕದಲ್ಲಿಟ್ಟು ನೋಡುವುದು

ಕಲ್ಲಿಗೆ ಎಕ್ಸ್-ಕಿರಣ ಹಾಯಿಸಿ ಅಳೆಯುವ ಈಗಿನ ಎಕ್ಸ್‌ಆರ್‌ಎಫ್ ಯಂತ್ರ ಕಬ್ಬಿಣವನ್ನು ಒಟ್ಟಾಗಿ ಫೆರಿಕ್ ಆಕ್ಸೈಡ್ ಅಂತ ಕೊಡುತ್ತದೆ. ಹಳೆಯ ಪಟ್ಟಿಯಲ್ಲಿ ಎರಡು ಸಾಲು ಇದ್ದರೆ ಫೆರಸನ್ನು 1.1113ರಿಂದ ಗುಣಿಸಿ ಫೆರಿಕ್‌ಗೆ ಕೂಡಿ, ಆಮೇಲೆ ಹೋಲಿಸಿ. ಫೆರಸ್ ಇರುವ ಕಲ್ಲನ್ನು ಸುಟ್ಟಾಗ ಅದು ಆಮ್ಲಜನಕ ಹಿಡಿದು ತೂಕ ಹೆಚ್ಚಿಸಿಕೊಳ್ಳುತ್ತದೆ. ಹಾಗಾಗಿ ಇಗ್ನಿಷನ್ ಲಾಸ್ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಒಂದೇ ಕೋರೆಯ ಎರಡು ಬದಿಯ ಕಲ್ಲಿನಲ್ಲೇ ಕಬ್ಬಿಣ ಎಷ್ಟೋ ವ್ಯತ್ಯಾಸ ಆಗುವಾಗ, 1950ರ ಅಂಕಿಗೂ ಈಗಿನದಕ್ಕೂ ಸ್ವಲ್ಪ ಅಂತರ ಬಂತು ಅಂತ ಹಳೆಯವರನ್ನು ತಪ್ಪು ಅನ್ನಬೇಡಿ. ಅಂತರ ಕಲ್ಲಿನದ್ದೇ ಇರಬಹುದು.

ಜಾಗ ಹೋಲಿಸುವಾಗಲೂ ಎಚ್ಚರ. ಹಳೆಯ ನಕ್ಷೆಯ ಅಕ್ಷಾಂಶ ರೇಖಾಂಶವನ್ನು ಹಾಗೇ ಫೋನಿನ ಮ್ಯಾಪಿಗೆ ಹಾಕಿದರೆ ನೂರಾರು ಮೀಟರ್ ಜರುಗಬಹುದು, ಭೂಮಿಯ ಆಕಾರಕ್ಕೆ ಹಿಡಿದ ಆಧಾರವೇ ಬೇರೆ. ನಮ್ಮಂಥ ಗುಡ್ಡೆ-ಬಯಲಿನ ಊರಿನಲ್ಲಿ ಅಷ್ಟು ಜರುಗಿದರೆ ಪಾರೆಯಿಂದ ಗದ್ದೆಗೆ ಇಳಿದ ಹಾಗೆ ಆಗುತ್ತದೆ.

ಹೆಜ್ಜೆ 8: ಬರೆದಿಡುವುದು

ಸ್ಪ್ರೆಡ್‌ಶೀಟಿನಲ್ಲಿ ಎರಡು ಹಾಳೆ ಮಾಡಿ. ಮೊದಲನೆಯದರಲ್ಲಿ ಪುಟದಲ್ಲಿ ಇದ್ದದ್ದು ಇದ್ದ ಹಾಗೆ. ತಪ್ಪು ಕೂಡಿದ ಮೊತ್ತವನ್ನೂ ತಿದ್ದಬೇಡಿ. ಹಳೆಯ ಊರಿನ ಹೆಸರು, ಹಳೆಯ ಪದ, ‘ಟ್ರೇಸ್’, ಗೆರೆ ಎಲ್ಲ ಹಾಗೇ ಇರಲಿ. ದಶಮಾಂಶದ ಸ್ಥಾನಗಳನ್ನೂ ಬದಲಿಸಬೇಡಿ, 22.4 ಅಂತ ಇದ್ದರೆ 22.40 ಮಾಡಬೇಡಿ. ಎರಡನೆಯದರಲ್ಲಿ ನಿಮ್ಮ ಕೆಲಸ: ಈಗಿನ ಗ್ರಾಮ, ತಾಲೂಕು, ಪದರ, ವಿಧಾನ, ನಿಮ್ಮ ಮೊತ್ತ, ನಿಮ್ಮ ದರ್ಜೆ, ಯಾಕೆ ಆ ದರ್ಜೆ ಕೊಟ್ಟಿರಿ ಅನ್ನುವ ಒಂದು ಸಾಲು. ಎರಡಕ್ಕೂ ಒಂದೇ ಕ್ರಮಸಂಖ್ಯೆ. ಸಂಪುಟ, ಪುಟ, ವಿಶ್ಲೇಷಣೆ ಮಾಡಿದವರ ಹೆಸರು ಬಿಡಬೇಡಿ. ಒಬ್ಬನೇ ರಸಾಯನಶಾಸ್ತ್ರಜ್ಞನ ಹತ್ತು ಪಟ್ಟಿ ಸೇರಿದಾಗ ಅವನ ಕೈ ಹೇಗೆ, ಎಲ್ಲಿ ವಾಲುತ್ತಾನೆ ಅಂತ ಕಾಣತೊಡಗುತ್ತದೆ.

ಪುಟದ ಫೋಟೊ ತೆಗೆಯುವಾಗ ಪಟ್ಟಿ ಮಾತ್ರ ತೆಗೆಯಬೇಡಿ. ಹಿಂದಿನ ಮುಂದಿನ ಪುಟ, ಅಡಿಟಿಪ್ಪಣಿ, ಪುಸ್ತಕದ ಮೊದಲ ಪುಟ ಸೇರಿಸಿ. ಕಡತವಾದರೆ ಕಡತದ ಸಂಖ್ಯೆ ಇರುವ ಹೊದಿಕೆಯೂ ಬೇಕು.

ಮನೆಯಲ್ಲಿ ಹಳೆಯ ವರದಿ ಇದ್ದರೆ, ಜೇಡಿಮಣ್ಣಿನದ್ದೋ ಬಾಕ್ಸೈಟಿನದ್ದೋ ಬಾವಿ ಕಲ್ಲಿನದ್ದೋ ಯಾವುದೇ ಇರಲಿ, ಮೂಲವನ್ನು ನೀವೇ ಇಟ್ಟುಕೊಳ್ಳಿ. ಸ್ಕ್ಯಾನ್ ಪ್ರತಿಯನ್ನು ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ಅಥವಾ ಗ್ರಂಥಾಲಯಕ್ಕೆ ಕೊಡಿ. ಕೊಡುವಾಗ ಆ ಜಾಗದಲ್ಲಿ ಈಗ ಏನಿದೆ ಅಂತ ಬರೆದ ಒಂದು ಹಾಳೆ ಜೊತೆಗಿರಲಿ: ಗುಡ್ಡೆ ಹಾಗೇ ಇದೆಯಾ, ಕೋರೆ ಆಗಿದೆಯಾ, ರಸ್ತೆ ಹೋಗಿದೆಯಾ. ದಿನಾಂಕ ಹಾಕಿ. ಮಾದರಿ ತೆಗೆದ ಬಂಡೆಯ ಒಂದು ತುಂಡು ಇನ್ನೂ ಸಿಗುವಂತಿದ್ದರೆ ಮುಷ್ಟಿಯಷ್ಟು ದೊಡ್ಡದನ್ನು, ಮೇಲು-ಕೆಳಗು ಗುರುತು ಹಾಕಿ, ಅಳಿಯದ ಶಾಯಿಯಲ್ಲಿ ಕ್ರಮಸಂಖ್ಯೆ ಬರೆದು, ಪ್ರತಿಯ ಜೊತೆಗೇ ಒಪ್ಪಿಸಿ.